ಕಡಲು ಇಳಿದಾಗ ಬಂಡೆಗುಂಡಿಯಲ್ಲಿ ಏನೇನು ಕಾಣುತ್ತದೆ? ಮಂಗಳೂರು–ಉಡುಪಿ ದಂಡೆಗೆ ಹೊರಟವರ ಪದೇ ಪದೇ ಕೇಳುವ ಪ್ರಶ್ನೆಗಳು

ಸೋಮೇಶ್ವರದಿಂದ ಮಲ್ಪೆವರೆಗಿನ ಕಲ್ಲುದಂಡೆಗಳಲ್ಲಿ ಸಣ್ಣ ಕಡಲಜೀವಿಗಳನ್ನು ನೋಡಬೇಕೆನ್ನುವವರು ಕೇಳುವ ಪ್ರಶ್ನೆಗಳಿವು. ಮೊದಲ ಸಲ ಹೋಗುವವರು ಉಳಿದದ್ದನ್ನು ಬಿಟ್ಟರೂ ಇಳಿತದ ಪಟ್ಟಿ ಮತ್ತು ಅಲೆಯ ಬಗೆಗಿನ ಉತ್ತರಗಳನ್ನು ಓದಿಕೊಂಡೇ ಹೊರಡಿ.

ದಡದಿಂದಲೇ ಸ್ಕೂಬಾ ಇಳಿದು ನೋಡ್ಲಿಕ್ಕೆ ಆಗ್ತದಾ?

ಇಲ್ಲಿ ಆ ಆಸೆ ಬಿಡುವುದೇ ಒಳ್ಳೆಯದು. ನೇತ್ರಾವತಿ, ಫಲ್ಗುಣಿ, ಶಾಂಭವಿ, ಸ್ವರ್ಣಾ, ಸೀತಾ ನದಿಗಳೆಲ್ಲ ಇದೇ ಸಣ್ಣ ಅಂತರದಲ್ಲಿ ಕಡಲು ಸೇರುತ್ತವೆ. ಅವು ತರುವ ಕೆಸರು ದಡದ ಹತ್ತಿರವೇ ತಳಕ್ಕೆ ಕೂರುತ್ತದೆ, ಸ್ವಲ್ಪ ಅಲೆಯೆದ್ದರೆ ಮತ್ತೆ ಮೇಲೇಳುತ್ತದೆ. ಡಿಸೆಂಬರ್‌ನ ಒಳ್ಳೆಯ ದಿನದಲ್ಲೂ ದಡದ ನೀರಿನಲ್ಲಿ ಒಂದೆರಡು ಮೀಟರ್ ಆಚೆಗೆ ಕಾಣುವುದು ಕಷ್ಟ. ಅದರ ಮೇಲೆ, ಅಲೆ ನೇರವಾಗಿ ಬಂಡೆಗೇ ಬಂದು ಒಡೆಯುವುದರಿಂದ ಸಿಲಿಂಡರ್ ಹೊತ್ತು ಇಳಿಯುವ, ಮತ್ತೆ ಹತ್ತಿ ಬರುವ ಜಾಗವೇ ಸಿಗುವುದಿಲ್ಲ. ಸ್ಕೂಬಾ ಬೇಕೆಂದರೆ ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಬೇಕು.

ಆದರೆ ಕಿರುಜೀವಿ ನೋಡಲು ಆಳ ಬೇಕೆಂದೇನಿಲ್ಲ. ಹತ್ತು ಮಿಲಿಮೀಟರಿನ ಸೀ ಸ್ಲಗ್ (ಕಡಲಿನ ಚಿಪ್ಪಿಲ್ಲದ ಬಸವನಹುಳು) ಮೊಣಕಾಲುದ್ದ ನೀರಿನಲ್ಲೂ ಇರುತ್ತದೆ. ಕಡಲು ತಾನೇ ಇಳಿದು ಬಂಡೆಯ ಬುಡ ತೋರಿಸುವ ಹೊತ್ತನ್ನು ಹಿಡಿದರೆ, ಮುಳುಗಿ ನೋಡಬೇಕಾದದ್ದನ್ನು ಕುಕ್ಕರಗಾಲಲ್ಲಿ ಕೂತು ನೋಡಬಹುದು.

ಯಾವ ತಿಂಗಳು ಹೋಗ್ಬೇಕು?

ನವೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ. ಅಲೆ ಸಣ್ಣದಿರುತ್ತದೆ, ನೀರು ತಿಳಿಯಾಗಿರುತ್ತದೆ, ಮಳೆಗಾಲ ಮುಗಿದ ಮೇಲೆ ಸರ್ಗ್ಯಾಸಮ್‌ನಂಥ ಕಡಲಪಾಚಿಗಳು ದಟ್ಟವಾಗಿ ಬೆಳೆದು ಸಣ್ಣ ಜೀವಿಗಳಿಗೆ ನೆಲೆ ಕೊಟ್ಟಿರುತ್ತವೆ. ಅಕ್ಟೋಬರ್‌ನಲ್ಲಿ ನದಿಬಾಯಿಯ ಹತ್ತಿರದ ಬಂಡೆಗಳಲ್ಲಿ ಇನ್ನೂ ಕೆಂಪುನೀರು. ಮಾರ್ಚ್‌ನಿಂದ ಬಿಸಿಲಿಗೆ ಮೇಲಿನ ಗುಂಡಿಗಳು ಕಾದು, ಬದುಕಿದ್ದೆಲ್ಲ ಸಂದಿಗೋ ಕೆಳಮಟ್ಟಕ್ಕೋ ಸರಿದಿರುತ್ತದೆ. ಆಗ ಹೋಗುವುದಾದರೆ ಬೆಳಗಿನ ಇಳಿತವನ್ನೇ ಆರಿಸಿ. ಜೂನ್‌ನಿಂದ ಸೆಪ್ಟೆಂಬರ್ ಪ್ರಶ್ನೆಯೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಯನ್ನೇ ನಿಲ್ಲಿಸುವ ಕಡಲಿನ ಬಂಡೆಯ ಮೇಲೆ ನಮಗೇನು ಕೆಲಸ?

ಉಬ್ಬರ–ಇಳಿತದ ಪಟ್ಟಿ ಓದುವುದು ಹೇಗೆ?

ಜಾಗಕ್ಕಿಂತ ಹೊತ್ತು ಮುಖ್ಯ. ಒಳ್ಳೆಯ ಜಾಗಕ್ಕೆ ತಪ್ಪು ಹೊತ್ತಿಗೆ ಹೋದವರಿಗೆ ಬರೀ ನೊರೆ ಕಾಣುತ್ತದೆ.

ಮೊದಲು ಗೋಡೆಯ ಕ್ಯಾಲೆಂಡರ್ ನೋಡಿ. ಅಮಾವಾಸ್ಯೆ, ಹುಣ್ಣಿಮೆ ಮತ್ತು ಅವುಗಳ ಮುಂದಿನ ಎರಡು ಮೂರು ದಿನ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ. ಅಷ್ಟಮಿ, ನವಮಿಯ ಆಸುಪಾಸಿನಲ್ಲಿ ಏರಿಳಿತ ಸಪ್ಪೆ. ಆ ದಿನಗಳಲ್ಲಿ ಪೆಟ್ರೋಲ್ ಖರ್ಚು ಮಾಡಬೇಡಿ. ಆಮೇಲೆ ನವಮಂಗಳೂರು ಬಂದರಿನ ಪಟ್ಟಿ ತೆಗೆಯಿರಿ. ಭಾರತೀಯ ಸರ್ವೇಕ್ಷಣಾ ಇಲಾಖೆ ವರ್ಷದ ಪಟ್ಟಿಯನ್ನು ಪ್ರಕಟಿಸುತ್ತದೆ. ಕಡಲಿನ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಜಾಲತಾಣದಲ್ಲೂ ಮುನ್ಸೂಚನೆ ಸಿಗುತ್ತದೆ. ಮಲ್ಪೆವರೆಗೂ ಅದೇ ಹೊತ್ತನ್ನು ಇಟ್ಟುಕೊಂಡರೆ ನಡೆಯುತ್ತದೆ.

ನಮ್ಮಲ್ಲಿ ದಿನಕ್ಕೆ ಎರಡು ಇಳಿತ, ಆದರೆ ಎರಡೂ ಸಮ ಅಲ್ಲ. ಒಂದು 0.2 ಮೀಟರಿಗೆ ಇಳಿದರೆ ಇನ್ನೊಂದು 0.6ಕ್ಕೇ ನಿಲ್ಲಬಹುದು. ಹಾಗಾಗಿ ಹೊತ್ತಿನ ಪಕ್ಕದ ಎತ್ತರದ ಅಂಕಿಯನ್ನೂ ನೋಡಲೇಬೇಕು. 0.3 ಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಹೊರಡಿ, 0.4, 0.5 ಇದ್ದರೆ ಬಂಡೆಯ ಮಧ್ಯದ ಮಟ್ಟದವರೆಗೆ ನೋಡಲು ಸಿಗುತ್ತದೆ, 0.6 ದಾಟಿದರೆ ಮನೆಯಲ್ಲೇ ಇರಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ನಿನ್ನೆ ನೋಡಿದ ಹೊತ್ತನ್ನೇ ಇವತ್ತಿಗೆ ನೆಚ್ಚಿಕೊಳ್ಳಬೇಡಿ.

ಎಡವುವುದು ಸಾಮಾನ್ಯವಾಗಿ ಎರಡು ಕಡೆ. ಕೆಲವು ಆ್ಯಪ್‌ಗಳು ಹೊತ್ತನ್ನು ಗ್ರೀನ್‌ವಿಚ್ ಲೆಕ್ಕದಲ್ಲಿ ಕೊಡುತ್ತವೆ. ಐದೂವರೆ ಗಂಟೆ ಸೇರಿಸದೆ ಹೋದರೆ ಇಳಿತ ಅಂದುಕೊಂಡು ಉಬ್ಬರಕ್ಕೇ ಹೋಗಿ ನಿಲ್ಲುತ್ತೀರಿ. ಇನ್ನು ಕೆಲವು ಎತ್ತರವನ್ನು ಸರಾಸರಿ ಸಮುದ್ರಮಟ್ಟದಿಂದ ಅಳೆದು ‘ಮೈನಸ್ 0.6’ ಎಂದು ತೋರಿಸುತ್ತವೆ. ಅಂಕಿಗಳಲ್ಲಿ ಮೈನಸ್ ಮೇಲಿಂದ ಮೇಲೆ ಕಂಡರೆ ಆ ಪಟ್ಟಿ ಬೇರೆ ಅಳತೆಯದು, ಮೇಲಿನ ಮಿತಿಗಳು ಅದಕ್ಕೆ ಹೊಂದುವುದಿಲ್ಲ.

ಇಳಿತ ಬೆಳಿಗ್ಗೆ 8ಕ್ಕೆ ಅಂತಾದ್ರೆ ಎಷ್ಟು ಹೊತ್ತಿಗೆ ಅಲ್ಲಿರ್ಬೇಕು?

ಆರೂವರೆಗೆ. ನೀರು ಇಳಿಯುತ್ತಿರುವಾಗಲೇ ಅದರ ಹಿಂದೆ ಹಿಂದೆ ಕೆಳಗೆ ಸರಿಯಬೇಕು. ಜನವರಿಯಲ್ಲಿ ಬೆಳಕು ಹರಿಯುವುದೇ ತಡ, ಸೂರ್ಯ ಮೂಡುವಾಗ 7ರ ಹತ್ತಿರ. ಹಾಗಾಗಿ ಟಾರ್ಚ್ ಇರಲಿ. ಎಂಟೂವರೆಗೆ ಅತಿ ಕೆಳಗಿನ ಬಂಡೆ ಬಿಟ್ಟು ಮೇಲಕ್ಕೆ ಬನ್ನಿ.

ಅರ್ಧ ಗಂಟೆಯ ಗಡುವು ಯಾಕೆಂದರೆ, ನೀರು ಒಂದೇ ವೇಗದಲ್ಲಿ ಏರುವುದಿಲ್ಲ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು. ಒಟ್ಟು ಏರಿಕೆ 1.2 ಮೀಟರ್ ಇದ್ದ ದಿನ ಮೊದಲ ಗಂಟೆಗೆ 10 ಸೆಂಟಿಮೀಟರ್, ಮೂರನೆಯ ಗಂಟೆಗೆ 30. ಮೊದಲ ಗಂಟೆಯಲ್ಲಿ ಏನೂ ಆಗಿಲ್ಲವೆಂದು ಮೈಮರೆತವರಿಗೆ, ದಾಟಿ ಬಂದ ಓಣಿ (ಬಂಡೆಗಳ ನಡುವಿನ ಕಿರಿದಾದ ತಗ್ಗು) ತುಂಬಿರುವುದು ಎರಡನೆಯ ಗಂಟೆಯ ಕೊನೆಗೆ ಗೊತ್ತಾಗುತ್ತದೆ.

ಬೆಳಗಿನ ಇಳಿತ ಸಂಜೆಯದಕ್ಕಿಂತ ಮೇಲು. ಮಧ್ಯಾಹ್ನದ ನಂತರ ಕಡಲಗಾಳಿ ಎದ್ದು ಗುಂಡಿಯ ನೀರಿನ ಮೇಲೆ ಸುಕ್ಕು ಮೂಡುತ್ತದೆ, ಒಳಗೇನಿದೆಯೆಂದು ಕಾಣುವುದಿಲ್ಲ.

ಎಲ್ಲಿಗೆ ಹೋಗುವುದು?

ಸುರತ್ಕಲ್: ದೀಪಸ್ತಂಭ ಮತ್ತು ಸದಾಶಿವ ದೇವಸ್ಥಾನದ ಕೆಳಗಿನ ಬಂಡೆಗಳು. ಹೊಸಬರಿಗೆ ಇದೇ ಸುಲಭ; ರಸ್ತೆ ಹತ್ತಿರ, ಮರಳಿನಿಂದ ಬಂಡೆಗೆ ಇಳಿಜಾರು ಕಡಿಮೆ.

ಕಾಪು: 1901ರ ದೀಪಸ್ತಂಭದ ಸುತ್ತಲಿನ ಬಂಡೆ. ಗುಂಡಿಗಳು ಚೆನ್ನಾಗಿವೆ, ಆದರೆ ಕಡಲಿಗೆ ಮುಖಮಾಡಿದ ಬದಿ ಕಡಿದು. ರಜಾದಿನ ಸಂಜೆ ಜನಸಂದಣಿ ಎಷ್ಟೆಂದರೆ ಏಡಿಗಳೂ ಹೊರಬರುವುದಿಲ್ಲ.

ಸೋಮೇಶ್ವರ: ಜೀವಿಗಳಿಗೇನೂ ಕಡಿಮೆಯಿಲ್ಲ, ಆದರೆ ರುದ್ರಪಾದೆಯ ಕಡಲ ಬದಿಗೆ ಯಾವ ಕಾರಣಕ್ಕೂ ಇಳಿಯಬೇಡಿ. ಅಲ್ಲಿ ಕಾಲುಜಾರಿ ಹೋದವರ ಸುದ್ದಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ದಡದ ಬದಿಯ ತಗ್ಗು ಬಂಡೆಗಳಷ್ಟು ಸಾಕು.

ಸೇಂಟ್ ಮೇರಿಸ್ ದ್ವೀಪ: ಮಲ್ಪೆಯಿಂದ ದೋಣಿ. ಕಂಬಗಳ ಹಾಗೆ ನಿಂತ ಜ್ವಾಲಾಮುಖಿ ಶಿಲೆಯ ಸಂದಿಗಳಲ್ಲಿ ನೀರು ತಿಳಿಯಾಗಿ ನಿಲ್ಲುತ್ತದೆ. ತೊಡಕೆಂದರೆ ದೋಣಿಯ ಹೊತ್ತು ಇಳಿತದ ಹೊತ್ತಿಗೆ ಕೂಡಿಬರಬೇಕು. ಜೀವರಕ್ಷಕರು ಹಗ್ಗ ಕಟ್ಟಿದ ಕಡೆ ದಾಟಬೇಡಿ. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಕಲ್ಲಿನ ಚೂರನ್ನೂ ಎತ್ತಿಕೊಳ್ಳುವ ಹಾಗಿಲ್ಲ.

ಪಣಂಬೂರು, ತಣ್ಣೀರುಬಾವಿ, ಪಡುಬಿದ್ರಿ ಮರಳುದಂಡೆಗಳು. ಅವುಗಳ ಮಾತು ಕೊನೆಗೆ ಬರುತ್ತದೆ.

ಏನೇನು ತಗೊಂಡು ಹೋಗ್ಬೇಕು?

ಕಾಲಿಗೆ ಹಿಮ್ಮಡಿ ಮುಚ್ಚುವ, ರಬ್ಬರ್ ಅಡಿಯ ಹಳೇ ಕ್ಯಾನ್ವಾಸ್ ಶೂ. ಹವಾಯಿ ಚಪ್ಪಲಿ ಬೇಡವೇ ಬೇಡ: ಪಾಚಿಯ ಮೇಲೆ ಜಾರುತ್ತದೆ, ಸಂದಿಯಲ್ಲಿ ಸಿಕ್ಕಿ ಬಾರು ಕಿತ್ತುಬರುತ್ತದೆ, ಕಲ್ಲುಸಿಂಪಿಯ ಅಂಚು ಬ್ಲೇಡಿನಷ್ಟು ಹರಿತ. ಮೊಣಕಾಲು ಮುಚ್ಚುವ ಪ್ಯಾಂಟ್. ಹಗಲಲ್ಲೂ ಒಂದು ಸಣ್ಣ ಟಾರ್ಚ್, ಸಂದಿಯೊಳಗೆ ನೋಡಲು. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರ. ಪೋಲರಾಯ್ಡ್ ಕನ್ನಡಕ ಇದ್ದರೆ ನೀರಿನ ಮೇಲಿನ ಹೊಳಪು ಸತ್ತು ತಳ ಕಾಣುತ್ತದೆ. ಈ ಕೆಲಸಕ್ಕೆ ಇಷ್ಟು ಪ್ರಯೋಜನದ ಸಾಮಾನು ಇನ್ನೊಂದಿಲ್ಲ. ಕುಡಿಯುವ ನೀರು, ಚಿಮುಟ, ಬ್ಯಾಂಡೇಜ್. ಫ್ಲಾಸ್ಕಿನಲ್ಲಿ ಬಿಸಿನೀರು, ಚಹಾಕ್ಕಲ್ಲ, ಮುಳ್ಳು ಚುಚ್ಚಿದರೆ ಬೇಕಾಗುತ್ತದೆ.

ಬಲೆ, ಬಕೆಟ್, ಚಾಕು ಮನೆಯಲ್ಲೇ ಇರಲಿ. ಕೈಗೆ ಸನ್‌ಸ್ಕ್ರೀನ್ ಹಚ್ಚಿಕೊಂಡು ಗುಂಡಿಯಲ್ಲಿ ಅದ್ದಬೇಡಿ. ಬಕೆಟ್ ನೀರಿನಷ್ಟೇ ಇರುವ ಗುಂಡಿಗೆ ಅದು ಹೆಚ್ಚಾಗುತ್ತದೆ.

ಹೋಗಿ ನಿಂತ್ರೆ ಬರೀ ಕಲ್ಲು, ಪಾಚಿ. ಏನೂ ಕಾಣೂದಿಲ್ಲ ಮಾರಾಯ್ರೆ!

ನಿಂತರೆ ಕಾಣುವುದಿಲ್ಲ, ಕೂರಬೇಕು. ನಿಮ್ಮ ನೆರಳು ಗುಂಡಿಯ ಮೇಲೆ ಬಿದ್ದ ಕ್ಷಣ ಸೀಗಡಿ, ಗೋಬಿ ಮೀನು, ಏಡಿ ಎಲ್ಲ ಒಳಗೆ. ಸೂರ್ಯ ಪಕ್ಕಕ್ಕೆ ಬರುವ ಹಾಗೆ ಕೂತು ಹತ್ತು ನಿಮಿಷ ಕೈಕಾಲು ಆಡಿಸದೆ ಇರಿ. ಮೊದಲು ಸನ್ಯಾಸಿ ಏಡಿಗಳು ಹೊರಡುತ್ತವೆ. ಸತ್ತ ಬಸವನಹುಳುವಿನ ಚಿಪ್ಪು ಅಂದುಕೊಂಡದ್ದು ನಡೆಯತೊಡಗಿದರೆ ಅದು ಇದೇ. ಮೂರು ನಾಲ್ಕು ನಿಮಿಷಕ್ಕೆ ಗಾಜಿನಂಥ ಸೀಗಡಿಗಳು. ಅವುಗಳ ಮೈ ಕಾಣುವುದಕ್ಕೆ ಮೊದಲು ತಳದ ಮೇಲಿನ ನೆರಳು ಕಾಣುತ್ತದೆ. ಮೀನುಗಳು ಕಡೆಗೆ.

ಗುಂಡಿಯಿಂದ ಗುಂಡಿಗೆ ಓಡಬೇಡಿ. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಜಾಗ ಆರಿಸಿ ಅದನ್ನೇ ಕಾಲು ಗಂಟೆ ನೋಡಿ. ಮೊದಲು ತಳದ ಮರಳು, ಆಮೇಲೆ ಪಾಚಿಯ ಎಳೆಗಳು, ಆಮೇಲೆ ಬಂಡೆಯ ಚಾಚಿನ ಅಡಿಭಾಗ. ಹೆಚ್ಚಿನವರು ಮೂರನೆಯದನ್ನು ನೋಡುವುದೇ ಇಲ್ಲ, ಹೆಚ್ಚು ಬಣ್ಣ ಇರುವುದು ಅಲ್ಲೇ. ಬಿಸಿಲು ತಾಕದ ಆ ಜಾಗದಲ್ಲಿ ಸ್ಪಂಜುಗಳು ಕಿತ್ತಳೆ, ಹಳದಿ, ನೇರಳೆ ಪದರವಾಗಿ ಅಂಟಿರುತ್ತವೆ. ಕೆನ್ನೆಯನ್ನು ನೀರಿಗೆ ತಾಕಿಸುವಷ್ಟು ಬಗ್ಗಬೇಕಾಗುತ್ತದೆ, ಅಥವಾ ನೀರು ಹೋಗದ ಕವರ್ ಹಾಕಿದ ಫೋನ್ ಮುಳುಗಿಸಿ ಮೇಲ್ಮುಖವಾಗಿ ವಿಡಿಯೊ ತೆಗೆಯಬಹುದು.

ಕಿವಿಯನ್ನೂ ಬಳಸಿ. ಕೆಳಗಿನ ಬಂಡೆಗಳಲ್ಲಿ ಬೆರಳು ಚಿಟಿಕೆ ಹೊಡೆದಂಥ ಚಟ್ ಸದ್ದು ಬಂದರೆ ಅದು ಪಿಸ್ತೂಲು ಸೀಗಡಿ. ಒಂದು ಕೊಂಡಿಯನ್ನು ರಭಸದಿಂದ ಮುಚ್ಚಿದಾಗ ಏಳುವ ಗುಳ್ಳೆ ಒಡೆದು ಆ ಸದ್ದು ಬರುತ್ತದೆ. ಸಂದಿಯ ಬಾಯಲ್ಲಿ ಕಾದರೆ ದೊಡ್ಡ ಕೊಂಡಿಯ ತುದಿ ಕಾಣಿಸಬಹುದು.

ಯಾವ ಮಟ್ಟದಲ್ಲಿ ಯಾವುದು ಇರ್ತದೆ?

ಬಂಡೆಯನ್ನು ಮೇಲಿಂದ ಕೆಳಕ್ಕೆ ಪಟ್ಟಿಗಳಾಗಿ ನೋಡಲು ಕಲಿತರೆ ಅರ್ಧ ಕೆಲಸ ಮುಗಿಯಿತು.

ಎಲ್ಲಕ್ಕಿಂತ ಮೇಲೆ, ಹನಿ ಮಾತ್ರ ಸಿಡಿಯುವ ಜಾಗದಲ್ಲಿ, ಕಾಳುಮೆಣಸಿನಷ್ಟು ದಪ್ಪದ ಬಸವನಹುಳುಗಳು ಬಿರುಕುಗಳಲ್ಲಿ ಗುಂಪಾಗಿ ಅಂಟಿಕೊಂಡಿರುತ್ತವೆ. ಬಂಡೆ ಕಾದಾಗ ಬಾಗಿಲು ಮುಚ್ಚಿ ನೀರು ಉಳಿಸಿಕೊಳ್ಳುತ್ತವೆ.

ಅದರ ಕೆಳಗೆ ಬಾರ್ನಕಲ್‌ಗಳ ಬಿಳಿ ಪಟ್ಟಿ. ಒಣ ಬಂಡೆಯಲ್ಲಿ ಅವು ಸುಣ್ಣದ ಗುಳ್ಳೆಗಳಂತಿದ್ದರೂ ಏಡಿ, ಸೀಗಡಿಗಳ ಬಳಗವೇ. ನೀರಿನೊಳಗಿರುವ ಒಂದನ್ನು ಮಸೂರದಲ್ಲಿ ನೋಡಿ: ಮೇಲಿನ ಬಾಗಿಲು ತೆರೆದು ಗರಿಯಂಥ ಕಾಲುಗಳು ಹೊರಚಾಚಿ, ನೀರನ್ನು ಬಾಚಿ, ಒಳಗೆ ಹೋಗುತ್ತವೆ, ಮತ್ತೆ ಚಾಚುತ್ತವೆ. ಜೊತೆಗೆ ಲಿಂಪೆಟ್‌ಗಳು (ಟೋಪಿಯಾಕಾರದ ಚಿಪ್ಪಿನ ಹುಳುಗಳು), ಕಲ್ಲುಸಿಂಪಿಗಳು. ಲಿಂಪೆಟನ್ನು ಕೀಳಲು ಹೋಗಬೇಡಿ. ಹಲವು ಲಿಂಪೆಟ್‌ಗಳ ಚಿಪ್ಪಿನ ಅಂಚು ತಾವು ಕೂರುವ ಕಲ್ಲಿನ ಉಬ್ಬುತಗ್ಗಿಗೆ ಹೊಂದಿಕೊಂಡು ಬೆಳೆದಿರುತ್ತದೆ. ಬೇರೆ ಕಡೆ ಇಟ್ಟರೆ ಅಂಚು ಕೂರದೆ ಒಣಗಿ ಸಾಯುತ್ತದೆ.

ಇದೇ ಪಟ್ಟಿಯಲ್ಲಿ ಪೆರೋನಿಯಾ ಎಂಬ ಚಿಪ್ಪಿಲ್ಲದ ಹುಳು ಸಿಗುತ್ತದೆ. ಮೂರು ನಾಲ್ಕು ಸೆಂಟಿಮೀಟರ್, ಬೂದು–ಹಸಿರು, ಬೆನ್ನ ತುಂಬ ಗಂಟುಗಳು. ಥೇಟ್ ಪಾಚಿಗಟ್ಟಿದ ಕಲ್ಲಿನ ತುಣುಕು. ಕಡಲಿನದಾದರೂ ಗಾಳಿ ಉಸಿರಾಡುತ್ತದೆ, ಆದ್ದರಿಂದ ನೀರು ಇಳಿದ ಮೇಲೆ ಸಂದಿಯಿಂದ ಹೊರಬಂದು ಕಲ್ಲಿನ ಮೇಲಿನ ತೆಳು ಪಾಚಿ ಕೆರೆಯುತ್ತದೆ. ಬೆನ್ನಿನ ಕೆಲವು ಗಂಟುಗಳ ತುದಿಯಲ್ಲಿ ಕಪ್ಪು ಚುಕ್ಕೆಗಳಿರುತ್ತವೆ, ಅವೂ ಕಣ್ಣುಗಳೇ. ಹುಡುಕುವ ಉಪಾಯ: ಒದ್ದೆ ಬಂಡೆಯ ಮೇಲೆ ಮರಳಿನ ಸಣ್ಣ ಎಳೆ ಹಿಸುಕಿಟ್ಟಂತೆ ಕಂಡರೆ ಅದು ಇದರ ಹಿಕ್ಕೆ. ಎಳೆ ಹಿಡಿದು ಹೋದರೆ ಕೊನೆಯಲ್ಲಿ ಹುಳು ಇರುತ್ತದೆ.

ಕೆಳಮಟ್ಟದಲ್ಲಿ ಪಚ್ಚಿಲೆ (ಹಸಿರು ಅಂಚಿನ ಚಿಪ್ಪುಮೀನು), ದಟ್ಟ ಪಾಚಿ, ಹೂವಿನಂತೆ ಅರಳುವ ಸೀ ಅನಿಮೋನ್, ಅದರ ಬಳಗದ ಝೋಆಂಥಿಡ್. ನೀರಿಲ್ಲದಾಗ ಅನಿಮೋನ್ ಮುದುಡಿ, ಮೈಗೆ ಚಿಪ್ಪಿನ ಚೂರು ಅಂಟಿಸಿಕೊಂಡು ಲೋಳೆ ಗುಂಡಿನಂತಿರುತ್ತದೆ. ಜನ ತುಳಿದು ಹಾಳಾಗುವ ಜೀವಿಗಳಲ್ಲಿ ಇದೇ ಮೊದಲನೆಯದು. ಬಂಡೆಯ ತೂತುಗಳಲ್ಲಿ ಕಪ್ಪು–ನೇರಳೆ ಮುಳ್ಳಿನ ಸೀ ಅರ್ಚಿನ್. ತೂತಿನ ಬಾಯಿಗೆ ಖಾಲಿ ಚಿಪ್ಪು, ಏಡಿಯ ಕಾಲು ರಾಶಿ ಬಿದ್ದಿದ್ದರೆ ಒಳಗೆ ಆಕ್ಟೋಪಸ್ ಇರುವ ಸಾಧ್ಯತೆ ಇದೆ.

ಬಣ್ಣಬಣ್ಣದ ಸೀ ಸ್ಲಗ್ ನಮ್ಮಲ್ಲೂ ಸಿಗ್ತದಾ?

ಸಿಗುತ್ತದೆ, ಆದರೆ ಚಿತ್ರಗಳಲ್ಲಿ ಕಾಣುವಷ್ಟು ದೊಡ್ಡದಿರುವುದಿಲ್ಲ. ಹೆಚ್ಚಿನವು 5 ಮಿಲಿಮೀಟರಿನಿಂದ 3 ಸೆಂಟಿಮೀಟರ್. ಹುಳುವನ್ನು ಹುಡುಕುವ ಬದಲು ಅದರ ಊಟವನ್ನು ಹುಡುಕಿ. ನ್ಯೂಡಿಬ್ರಾಂಕ್ ಎಂಬ ಗುಂಪಿನ ಸೀ ಸ್ಲಗ್‌ಗಳಲ್ಲಿ ಬಹಳಷ್ಟು ಸ್ಪಂಜು ತಿನ್ನುತ್ತವೆ, ಕೆಲವು ಹೈಡ್ರಾಯ್ಡ್‌ಗಳನ್ನು (ಗರಿಯಂತೆ ಕವಲೊಡೆದು ಬೆಳೆಯುವ ಸಣ್ಣ ಜೀವಿಗಳು). ಎಲೈಸಿಯಾದಂಥ ಹಸಿರು ಹುಳುಗಳು ಹಸಿರು ಪಾಚಿಯ ರಸ ಹೀರಿ, ಅದರ ಹರಿತ್ತಿನ ಕಣಗಳನ್ನು ಸ್ವಲ್ಪಕಾಲ ಮೈಯಲ್ಲೇ ಉಳಿಸಿಕೊಳ್ಳುತ್ತವೆ. ಆದ್ದರಿಂದ ಪಾಚಿಯ ಬಣ್ಣವೇ ಅವುಗಳ ಬಣ್ಣ. ನೇರವಾಗಿ ಹುಡುಕಿದರೆ ಕಣ್ಣು ಸೋಲುತ್ತದೆ. ಮೊಟ್ಟೆಯ ಸುರುಳಿ ಹುಡುಕಿ: ಕಲ್ಲಿನ ಮೇಲೋ ಪಾಚಿಯ ಮೇಲೋ ಬಿಳಿ ಅಥವಾ ಹಳದಿ ರಿಬ್ಬನ್ ಸುತ್ತಿಟ್ಟಂತಿರುತ್ತದೆ. ಅದು ಕಂಡರೆ ಒಂದು ಗೇಣಿನ ಒಳಗೆ ಮತ್ತೆ ಮತ್ತೆ ನೋಡಿ.

ಪಾಚಿ ದಟ್ಟವಾಗಿರುವ ತಿಂಗಳಲ್ಲಿ ಅಂಗೈಯಗಲದ ಸೀ ಹೇರ್ ಕೂಡ ಬರುತ್ತದೆ. ತಲೆಯ ಮೇಲೆ ಮೊಲದ ಕಿವಿಯಂತೆ ಎರಡು ಕೊಂಬು. ಕೆಣಕಿದರೆ ನೇರಳೆ ಶಾಯಿ ಬಿಡುತ್ತದೆ. ಚಂದ ಕಾಣುತ್ತದೆಂದು ಬೇಕಂತಲೇ ಕೆಣಕುವವರಿದ್ದಾರೆ. ಮುಚ್ಚಿದ ಗುಂಡಿಯಲ್ಲಿ ಹಾಗೆ ಮಾಡುವುದು ಬರೀ ಹಿಂಸೆ.

ಕಲ್ಲು ಮಗುಚಿ ನೋಡ್ಬಹುದಾ?

ಒಂದು ಕೈಯಲ್ಲಿ ಏಳುವಷ್ಟು ಸಣ್ಣದನ್ನು ಮಾತ್ರ. ಆಚೆಯ ಅಂಚು ಹಿಡಿದು ನಿಮ್ಮ ಕಡೆಗೆ ಎತ್ತಿ. ಆಗ ಒಳಗಿದ್ದದ್ದಕ್ಕೆ ಆಚೆ ಓಡಲು ದಾರಿ ಇರುತ್ತದೆ, ನಿಮ್ಮ ಬೆರಳಿಗೂ ಕ್ಷೇಮ. ಅರ್ಧ ನಿಮಿಷ ನೋಡಿ ಮೊದಲಿದ್ದ ಗುಳಿಗೇ, ಮೊದಲಿದ್ದ ಮಗ್ಗುಲಿಗೇ ನಿಧಾನ ಇಳಿಸಿ. ಬ್ರಿಟಲ್ ಸ್ಟಾರ್ (ತೆಳು ತೋಳುಗಳ, ನಕ್ಷತ್ರಮೀನಿನ ಬಳಗದ್ದು), ಚಪ್ಪಟೆ ಹುಳು, ಮರಿ ಏಡಿ, ಅಂಟಿಸಿಟ್ಟ ಮೀನಿನ ಮೊಟ್ಟೆ ಎಲ್ಲ ಅಡಿಭಾಗದಲ್ಲೇ ಇರುತ್ತವೆ. ಮಗುಚಿದ ಹಾಗೇ ಬಿಟ್ಟರೆ ಅಡಿಯವು ಬಿಸಿಲಿಗೆ ಸಾಯುತ್ತವೆ, ಮೇಲಿದ್ದ ಪಾಚಿ ಕತ್ತಲಿಗೆ ಕೊಳೆಯುತ್ತದೆ. ಒಂದೇ ಕಲ್ಲಿಗೆ ಎರಡು ನಷ್ಟ. ಬಂಡೆಗೆ ಕಚ್ಚಿಕೊಂಡ ಕಲ್ಲನ್ನು ಮೀಟಬೇಡಿ.

ಗುಂಡಿಯಲ್ಲಿ ಮಾಸ್ಕ್, ಸ್ನಾರ್ಕೆಲ್ ಹಾಕ್ಬಹುದಾ?

ನಾಲ್ಕೂ ಕಡೆ ಬಂಡೆ ಸುತ್ತುವರಿದ, ಸೊಂಟಕ್ಕಿಂತ ಆಳವಿಲ್ಲದ, ಅಲೆ ಒಳನುಗ್ಗದ ಗುಂಡಿಯಾದರೆ ಹಾಕಬಹುದು. ಕಾಲಿಗೆ ಹಾಕುವ ಈಜುರೆಕ್ಕೆ (ಫಿನ್) ಬೇಡ, ಒಂದು ಸಲ ಒದ್ದರೆ ತಳದ ಮಣ್ಣೆದ್ದು ಕಾಲು ಗಂಟೆ ಏನೂ ಕಾಣುವುದಿಲ್ಲ. ಮೊಣಕೈ ಊರಿ ತೇಲಿ. ಮಾಸ್ಕಿನ ಗಾಜಿನ ಮೂಲಕ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ, ಇರುವುದಕ್ಕಿಂತ ಹತ್ತಿರವಾಗಿ ತೋರುತ್ತದೆ. ಮುಳ್ಳಿನ ಕಡೆ ಕೈ ಚಾಚುವಾಗ, ಅಳತೆ ಬರೆದುಕೊಳ್ಳುವಾಗ ಇದು ನೆನಪಿರಲಿ. ಮಾಸ್ಕ್ ಮಸುಕಾದರೆ ಒಳಗಾಜಿಗೆ ಒಂದು ಹನಿ ಬೇಬಿ ಶ್ಯಾಂಪೂ ಸವರಿ ತೊಳೆಯಿರಿ. ಹೊರಕಡಲಿಗೆ ಬಾಯಿ ಇರುವ ಓಣಿಯಲ್ಲಿ ಸ್ನಾರ್ಕೆಲ್ ಬೇಡ. ಅಲೆ ಹಿಂದಕ್ಕೆ ಹೋಗುವಾಗ ಅದೇ ಓಣಿಯಿಂದ ಎಳೆದುಕೊಂಡು ಹೋಗುತ್ತದೆ.

ಅಲೆಯ ಬಗ್ಗೆ ಏನು ಗೊತ್ತಿರ್ಬೇಕು?

ಇಳಿಯುವ ಮೊದಲು ಮೇಲೆ ನಿಂತು 15 ನಿಮಿಷ ಕಡಲನ್ನು ನೋಡಿ. ದೊಡ್ಡ ಅಲೆಗಳು ಗುಂಪಾಗಿ, ಕೆಲವು ನಿಮಿಷಗಳ ಬಿಡುವಿನ ಮೇಲೆ ಬರುತ್ತವೆ. ಎರಡು ನಿಮಿಷ ನೋಡಿ ‘ಸುಮ್ಮನಿದೆ’ ಎಂದು ಇಳಿದವರನ್ನೇ ಅವು ಹೊಡೆಯುವುದು. ‘ಏಳನೇ ಅಲೆ ದೊಡ್ಡದು’ ಎಂದು ಎಣಿಸಿ ಕೂರುವುದರಲ್ಲಿ ಅರ್ಥವಿಲ್ಲ. ಬಂಡೆ ಎಲ್ಲಿಯವರೆಗೆ ಒದ್ದೆಯಾಗಿ ಕಪ್ಪಗಿದೆಯೋ ಅಲ್ಲಿಯವರೆಗೆ ಅಲೆ ಬರುತ್ತದೆ, ಅಷ್ಟೇ ಲೆಕ್ಕ.

ಕಡಲಿಗೆ ಬೆನ್ನು ಹಾಕಿ ಕೂರಬೇಡಿ. ಇಬ್ಬರಿದ್ದರೆ ಒಬ್ಬರು ಗುಂಡಿ ನೋಡುವಾಗ ಇನ್ನೊಬ್ಬರು ಕಡಲು ನೋಡಲಿ. ಹಸಿರು ಪಾಚಿ ಕಣ್ಣಿಗೆ ಕಂಡೇ ಜಾರುತ್ತದೆ. ಕಾಣದೆ ಜಾರಿಸುವುದು ಮೇಲ್ಪಟ್ಟಿಯ ಕಪ್ಪು ತೆಳು ಪದರ. ಬಾರ್ನಕಲ್ ಇರುವಲ್ಲಿ ಶೂ ಚೆನ್ನಾಗಿ ಹಿಡಿಯುತ್ತದೆ. ಇನ್‌ಕಾಯ್ಸ್ ‘ಎತ್ತರದ ಅಲೆ’ ಅಥವಾ ‘ಕಳ್ಳಕ್ಕಡಲ್’ ಎಚ್ಚರಿಕೆ ಕೊಟ್ಟ ದಿನ ಹೋಗಬೇಡಿ. ಎರಡನೆಯದು ಎಲ್ಲೋ ದೂರದ ಬಿರುಗಾಳಿಯ ಅಲೆ, ನಮ್ಮಲ್ಲಿ ಗಾಳಿ ಇಲ್ಲದಿದ್ದರೂ ಬರುತ್ತದೆ.

ಬಂಡೆಯ ಪಕ್ಕದ ಮರಳಿನಲ್ಲಿ ಈಜಲು ಇಳಿಯಬೇಡಿ. ದಡಕ್ಕೆ ಬಂದ ನೀರು ಮರಳಿ ಹೋಗುವ ಸೆಳೆತ ಹೆಚ್ಚಾಗಿ ಬಂಡೆಯ ಅಂಚಿಗೇ ಇರುತ್ತದೆ. ಸಿಕ್ಕಿಬಿದ್ದರೆ ಎದುರು ಈಜಿ ದಣಿಯದೆ ತೇಲಿ, ಬಂಡೆಯಿಂದ ದೂರವಾಗುವ ದಿಕ್ಕಿಗೆ ಅಡ್ಡ ಈಜಿ, ಕೈ ಎತ್ತಿ ಕೂಗಿ. ದಡದಲ್ಲಿರುವವರು ನೀರಿಗೆ ಹಾರುವ ಮೊದಲು ಹಗ್ಗ, ಖಾಲಿ ಕ್ಯಾನ್ ಏನಾದರೂ ಎಸೆಯಲಿ, 112ಕ್ಕೆ ಕರೆ ಮಾಡಲಿ.

ಯಾವುದನ್ನು ಮುಟ್ಟಬಾರದು? ಚುಚ್ಚಿದ್ರೆ ಏನು ಮಾಡುವುದು?

ಶಂಕುವಿನಾಕಾರದ, ಚಿತ್ತಾರವಿರುವ ನುಣುಪು ಚಿಪ್ಪಿನ ಕೋನ್ ಸ್ನೇಲನ್ನು ಜೀವವಿದ್ದಾಗ ಎತ್ತಬೇಡಿ. ಒಳಗಿಂದ ವಿಷದ ಮುಳ್ಳು ಚುಚ್ಚುತ್ತದೆ. ಜೀವ ಇದೆಯೋ ಇಲ್ಲವೋ ಎಂದು ಎತ್ತಿ ನೋಡುವುದೂ ಬೇಡ. ಚಾಪೆಯಂತೆ ಹಬ್ಬಿದ ಝೋಆಂಥಿಡ್‌ಗಳಲ್ಲಿ ಕೆಲವಕ್ಕೆ ಬಲವಾದ ವಿಷವಿದೆ. ಗಾಯದ ಕೈ ತಾಗಿಸಬೇಡಿ, ಅದೇ ಕೈಯಲ್ಲಿ ಕಣ್ಣುಜ್ಜಬೇಡಿ. ಸಂದಿಗೆ ಕಾಣದೆ ಕೈ ಹಾಕಬೇಡಿ. ಚೇಳುಮೀನು ಅಲ್ಲೇ ಕೂತಿರಬಹುದು. ಬಲೆಯಿಂದ ಎಸೆದ ಕಡಲಹಾವು ದಂಡೆಯಲ್ಲಿ ಸತ್ತಂತೆ ಬಿದ್ದಿದ್ದರೂ ದೂರ ಇರಿ.

ಮೀನಿನ ಮುಳ್ಳು ಅಥವಾ ತೊರಕೆ (ಬಾಲದಲ್ಲಿ ಮುಳ್ಳಿರುವ ಚಪ್ಪಟೆ ಮೀನು) ಚುಚ್ಚಿದರೆ, ಮುಳ್ಳು ಮೇಲೆಯೇ ಕಾಣುತ್ತಿದ್ದರೆ ಚಿಮುಟದಿಂದ ತೆಗೆಯಿರಿ. ಆಳಕ್ಕೆ ನೆಟ್ಟದ್ದನ್ನು ಕೀಳಬೇಡಿ. ಭಾಗವನ್ನು ಸುಮಾರು 45 ಡಿಗ್ರಿಯ ಬಿಸಿನೀರಿನಲ್ಲಿ 30ರಿಂದ 90 ನಿಮಿಷ ಇಡಿ. ಬಿಸಿಯನ್ನು ಚುಚ್ಚದ ಕೈಯಿಂದ ಪರೀಕ್ಷಿಸಿ, ಏಕೆಂದರೆ ನೋವಿರುವ ಕಾಲಿಗೆ ಸುಡುವುದು ಗೊತ್ತಾಗುವುದಿಲ್ಲ. ಆಮೇಲೆ ವೈದ್ಯರ ಹತ್ತಿರ ಹೋಗಿ, ಟೆಟನಸ್ ಚುಚ್ಚುಮದ್ದು ಕೇಳಿ. ಅರ್ಚಿನ್ ಮುಳ್ಳು ಮುರಿದು ಒಳಗುಳಿದರೆ ಸೂಜಿಯಿಂದ ಕೆದಕಬೇಡಿ. ಗೆಣ್ಣಿನ ಹತ್ತಿರ ಇದ್ದರೆ ಅದೇ ದಿನ ತೋರಿಸಿ. ಕೋನ್ ಸ್ನೇಲ್ ಅಥವಾ ಹಾವು ಎಂದಾದರೆ ಮನೆಮದ್ದಿಗೆ ಹೊತ್ತು ಕಳೆಯದೆ 108.

ಜೆಲ್ಲಿ ಮೀನು ಅಥವಾ ನೀಲಿ ಗಾಳಿಚೀಲದ ಫೈಸೇಲಿಯಾ ತಾಗಿದರೆ ಕಡಲನೀರಲ್ಲೇ ತೊಳೆದು, ಅಂಟಿದ ಎಳೆಗಳನ್ನು ಚಿಮುಟದಿಂದ ತೆಗೆಯಿರಿ. ಸಿಹಿನೀರು ಸುರಿದರೆ, ಮರಳು ಉಜ್ಜಿದರೆ ಉಳಿದ ವಿಷಕೋಶಗಳೂ ಸಿಡಿಯುತ್ತವೆ. ದಂಡೆಗೆ ಬಿದ್ದು ಒಣಗಿದ ಎಳೆಯೂ ಚುರುಗುಟ್ಟಿಸುತ್ತದೆ.

ಫೋನಿನಲ್ಲೇ ಒಳ್ಳೆ ಫೋಟೊ ಬರ್ತದಾ?

ಬರುತ್ತದೆ. ಕೊಡೆಯನ್ನು ಗುಂಡಿಯ ಮೇಲೆ ಹಿಡಿದು ಆಕಾಶದ ಪ್ರತಿಬಿಂಬ ತಪ್ಪಿಸಿ, ಟಾರ್ಚನ್ನು ಪಕ್ಕದಿಂದ 45 ಡಿಗ್ರಿ ಓರೆಗೆ ಹಿಡಿಯಿರಿ. ನೇರ ಫ್ಲ್ಯಾಶ್ ಹಾಕಿದರೆ ನೀರಿನ ಕಸವೆಲ್ಲ ಬಿಳಿ ಚುಕ್ಕೆಯಾಗುತ್ತದೆ. ಪ್ಲಾಸ್ಟಿಕ್ ಚೀಲದ ಕವರ್‌ನಲ್ಲಿ ನೀರೊಳಗೆ ಟಚ್ ಕೆಲಸ ಮಾಡುವುದಿಲ್ಲ; ಮೇಲೆಯೇ ವಿಡಿಯೊ ಶುರು ಮಾಡಿ ಮುಳುಗಿಸಿ. ಮೊದಲು ಕವರ್ ಒಳಗೆ ಟಿಶ್ಯೂ ಕಾಗದ ಇಟ್ಟು ಬಕೆಟ್‌ನಲ್ಲಿ ಪರೀಕ್ಷಿಸಿ. ಕ್ಯಾಮೆರಾ ಕೊಳ್ಳುವುದಾದರೆ ಒಲಿಂಪಸ್ (ಈಗ ಒಎಂ ಸಿಸ್ಟಮ್) ಟಿಜಿ ಸರಣಿಯವು ಈ ಕೆಲಸಕ್ಕೇ ಮಾಡಿದಂತಿವೆ: ಮಸೂರದಿಂದ 1 ಸೆಂಟಿಮೀಟರ್ ದೂರದ್ದನ್ನೂ ಫೋಕಸ್ ಮಾಡುತ್ತವೆ. ಮರಳಿ ಬಂದ ಮೇಲೆ ಸಿಹಿನೀರಿನಲ್ಲಿ ಅರ್ಧ ಗಂಟೆ ನೆನೆಸಿ. ಉಪ್ಪು ಒಣಗಿದರೆ ಬಾಗಿಲಿನ ರಬ್ಬರ್ ಕೆಡುತ್ತದೆ.

ಕಂಡದ್ದರ ಹೆಸರು ಗೊತ್ತುಮಾಡುವುದು ಹೇಗೆ?

ಒಂದೇ ಫೋಟೊ ಸಾಲದು. ಏಡಿಯಾದರೆ ಬೆನ್ನು, ಮುಖ, ಕೊಂಡಿ. ಸೀ ಸ್ಲಗ್ ಆದರೆ ತಲೆಯ ಕೊಂಬು, ಬೆನ್ನಿನ ಕಿವಿರು, ಕೂತಿದ್ದ ಪಾಚಿ ಅಥವಾ ಸ್ಪಂಜು. ಪಕ್ಕದಲ್ಲಿ ಬೆರಳ ತುದಿ ಇದ್ದರೆ ಅಳತೆ ತಿಳಿಯುತ್ತದೆ. ಕಂಡ ಜೀವಿಗಳ ಫೋಟೊ ಹಂಚಿಕೊಂಡು ಹೆಸರು ಕೇಳುವ ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿ, ತಾರೀಕಿನ ಜೊತೆ ಇಳಿತದ ಎತ್ತರವನ್ನೂ ಬರೆಯಿರಿ. ಆ್ಯಪ್ ತಾನಾಗಿ ಸೂಚಿಸುವ ಹೆಸರನ್ನು ಕಣ್ಣುಮುಚ್ಚಿ ಒಪ್ಪಬೇಡಿ. ಆಸ್ಟ್ರೇಲಿಯಾದ ಜೀವಿಯ ಹೆಸರು ಕಾಪುವಿನ ಏಡಿಗೆ ಅಂಟುವುದು ಹೀಗೆಯೇ. ಅನುಮಾನ ಇದ್ದರೆ ಜಾತಿಯ ಮಟ್ಟಕ್ಕೆ ಹೋಗದೆ ಗುಂಪಿನ ಹೆಸರಿಗೇ ನಿಲ್ಲಿಸಿ.

ಚಿಪ್ಪು, ಏಡಿ ಮನೆಗೆ ತರ್ಬಹುದಾ?

ಬೇಡ. ಕಡಲಕುದುರೆ, ಸೀ ಕುಕುಂಬರ್, ಕಲ್ಲುಹವಳ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲಿವೆ. ಸತ್ತದ್ದನ್ನು ಇಟ್ಟುಕೊಂಡರೂ ಅಪರಾಧ. ಕೆಲವು ಚಿಪ್ಪುಗಳೂ ಆ ಪಟ್ಟಿಯಲ್ಲಿವೆ. ಉಳಿದ ಖಾಲಿ ಚಿಪ್ಪು ಸನ್ಯಾಸಿ ಏಡಿಗೆ ಬೇಕಾದ ಮನೆ. ಒಳ್ಳೆಯ ಚಿಪ್ಪು ಸಿಗದ ಏಡಿ ಒಡಕು ಚಿಪ್ಪಿನಲ್ಲೋ ಬಾಟಲಿ ಮುಚ್ಚಳದಲ್ಲೋ ಸೇರಿಕೊಂಡಿರುವುದು ಈಗ ಅಪರೂಪವಲ್ಲ.

ಪಚ್ಚಿಲೆ, ಮರುವಾಯಿಯಂಥ ಚಿಪ್ಪುಮೀನು ತೆಗೆಯುವವರ ಮಾತು ಬೇರೆ, ಅದು ಅವರ ಜೀವನ. ಅವರು ಬಂಡೆಯಲ್ಲಿ ಕೆಲಸ ಮಾಡುತ್ತಿದ್ದರೆ ಅಡ್ಡ ಹೋಗದೆ ‘ಅಣ್ಣ, ಇವತ್ತು ಆ ಕಡೆ ಇಳಿಯಬಹುದಾ?’ ಎಂದು ಕೇಳಿ. ಯಾವ ಓಣಿಯಲ್ಲಿ ನೀರು ಮೊದಲು ತುಂಬುತ್ತದೆಂದು ಯಾವ ಪಟ್ಟಿಗಿಂತಲೂ ಅವರಿಗೆ ಚೆನ್ನಾಗಿ ಗೊತ್ತು.

ಮಕ್ಕಳನ್ನು ಕರ್ಕೊಂಡು ಹೋಗ್ಬಹುದಾ?

ಸುರತ್ಕಲಿನ ಮೇಲಿನ ಗುಂಡಿಗಳಿಗೆ, ಒಂದು ಮಗುವಿಗೆ ಒಬ್ಬ ದೊಡ್ಡವರಂತೆ. ಮೊದಲೇ ಹೇಳಿಕೊಡಬೇಕಾದ್ದು ಒಂದೇ: ಬೆರಳು ಹಿಂದೆ, ಕಣ್ಣು ಮುಂದೆ.

ಬರೀ ಮರಳುದಂಡೆ ಹತ್ತಿರ ಇದ್ರೆ?

ಅಲ್ಲೂ ಕೆಲಸವಿದೆ. ಅಲೆ ಹಿಂದೆ ಸರಿದ ಕ್ಷಣ ಒದ್ದೆ ಮರಳಲ್ಲಿ ಸಣ್ಣ ‘ವಿ’ ಆಕಾರದ ಗೆರೆಗಳು ಕಂಡರೆ ಅಡಿಯಲ್ಲಿ ಮೋಲ್ ಏಡಿ ಇದೆ. ಅದರ ಮೀಸೆ ನೀರನ್ನು ಸೋಸುತ್ತಿರುತ್ತದೆ. ಸಣ್ಣ ಮರಳುಗುಂಡುಗಳು ಸೂರ್ಯಕಿರಣದಂತೆ ಹರಡಿದ್ದರೆ ನಡುವಿನ ತೂತಿನಲ್ಲಿ ಮರಳು ಸೋಸಿ ತಿನ್ನುವ ಬಟಾಣಿಯಷ್ಟು ಏಡಿ ಇದೆ, ಐದು ನಿಮಿಷ ಅಲ್ಲಾಡದೆ ನಿಂತರೆ ಹೊರಬರುತ್ತದೆ. ಆಳವಿಲ್ಲದ ನೀರಲ್ಲಿ ನಡೆಯುವಾಗ ಹೆಜ್ಜೆ ಎತ್ತಿ ಇಡದೆ ಕಾಲು ಎಳೆಯುತ್ತ ಹೋಗಿ, ಮರಳಲ್ಲಿ ಹುದುಗಿದ ತೊರಕೆ ಸರಿದು ಹೋಗುತ್ತದೆ.

ಕೈರಂಪಣಿ (ದಡದಿಂದಲೇ ಕೈಯಲ್ಲಿ ಎಳೆಯುವ) ಬಲೆ ಎಳೆಯುವ ಬೆಳಿಗ್ಗೆ ಸಿಕ್ಕಿದರೆ ಬಿಡಬೇಡಿ. ಮೀನು ಆರಿಸಿದ ಮೇಲೆ ಉಳಿಯುವ ಕಸದಲ್ಲಿ ಬೊಂಡಾಸ್ (ಸ್ಕ್ವಿಡ್) ಮರಿ, ಮರಿ ಏಡಿ, ಹೆಸರು ಕೇಳದ ಸಣ್ಣ ಮೀನುಗಳಿರುತ್ತವೆ. ಮಲ್ಪೆ ಬಂದರು, ಮಂಗಳೂರು ದಕ್ಕೆಯಲ್ಲೂ ಹಾಗೆಯೇ, ಆಳದ ಕೆಸರುತಳದ ಜೀವಿಗಳು ನಮ್ಮ ಕಣ್ಣಿಗೆ ಬೀಳುವುದು ಅಲ್ಲಿ ಮಾತ್ರ. ಏಲಂ ನಡೆಯುವಾಗ ಮಧ್ಯೆ ನುಗ್ಗಬೇಡಿ. ಮುಗಿದ ಮೇಲೆ ಬುಟ್ಟಿಯವರನ್ನು ಕೇಳಿ ನೋಡಿದರೆ ಯಾರೂ ಬೇಡವೆನ್ನುವುದಿಲ್ಲ.